ಹಾಸ್ಟೆಲಿನ ಮಕ್ಕಳ ಮುಖ ನೋಡುವವರು ಯಾರು?
ವಿದ್ಯಾರ್ಥಿ ಕ್ಷೇಮಪಾಲನೆಯ ವಿದ್ಯೆಯೂ ಅದನ್ನು ಕಲಿಯುವವರ ಅನುಭವವೂ



ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನಮ್ಮ ಎಷ್ಟೋ ಕನ್ನಡ ಮನೆಗಳಲ್ಲಿ ಪೆಟ್ಟಿಗೆ ಕಟ್ಟುವ ಸಂಭ್ರಮವೂ ಸಂಕಟವೂ ಒಟ್ಟಿಗೇ ಆರಂಭವಾಗುತ್ತವೆ. ಮಗನೋ ಮಗಳೋ ಮೊದಲ ಬಾರಿಗೆ ಮನೆ ಬಿಟ್ಟು ದೂರದ ಊರಿನ ಹಾಸ್ಟೆಲಿಗೆ ಹೊರಟಿರುತ್ತಾರೆ. ಬೆಂಗಳೂರಿನಿಂದ ಪ್ರಶಾಂತಿ ಎಕ್ಸ್‌ಪ್ರೆಸ್ಸಿನಲ್ಲಿ, ಹುಬ್ಬಳ್ಳಿ-ಬಳ್ಳಾರಿಗಳ ಕಡೆಯಿಂದ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಹೀಗೆ ಹೊರಟ ಮಕ್ಕಳಲ್ಲಿ ಕೆಲವರು ವಿಜಯವಾಡದಲ್ಲಿ ಇಳಿಯುತ್ತಾರೆ, ಕೆಲವರು ಮುಂದೆ ವಿಶಾಖಪಟ್ಟಣದವರೆಗೆ ಸಾಗುತ್ತಾರೆ. ಜೊತೆಗೆ ಹೋದ ತಂದೆತಾಯಿಯರು ಊಟದ ಮನೆಯನ್ನು ನೋಡುತ್ತಾರೆ, ಸ್ನಾನದ ಮನೆಯನ್ನು ನೋಡುತ್ತಾರೆ, ಕಳೆದ ವರ್ಷ ಎಷ್ಟು ಮಂದಿಗೆ ರ‍್ಯಾಂಕ್ ಬಂದಿತೆಂದು ವಿಚಾರಿಸುತ್ತಾರೆ, ಶುಲ್ಕ ಕಟ್ಟಿ ರಸೀದಿ ಪಡೆದು ಹಿಂತಿರುಗುತ್ತಾರೆ.

ಆದರೆ ಒಂದು ಪ್ರಶ್ನೆಯನ್ನು ಕೇಳುವವರು ವಿರಳ. ‘ನಮ್ಮ ಮಗು ಮೂರು ದಿನ ಸರಿಯಾಗಿ ಊಟ ಮಾಡದಿದ್ದರೆ, ಅದು ಇಲ್ಲಿ ಯಾರ ಕಣ್ಣಿಗೆ ಬೀಳುತ್ತದೆ? ಕಣ್ಣಿಗೆ ಬಿದ್ದ ಮೇಲೆ ಏನು ಮಾಡಬೇಕೆಂಬುದನ್ನು ಅವರು ಎಲ್ಲಿಯಾದರೂ ಕಲಿತಿದ್ದಾರೆಯೇ?’

ಈ ಕೆಲಸವನ್ನು ಕಲಿಯಲು ಸಾಧ್ಯವಿದೆ, ಕಲಿಸುವ ಪಾಠಕ್ರಮಗಳಿವೆ, ಎರಡು ವರ್ಷ ಕಷ್ಟಪಟ್ಟು ಕಲಿಯುವ ವಿದ್ಯಾರ್ಥಿಗಳೂ ಇದ್ದಾರೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ವಿದ್ಯೆ ಯಾವುದು, ಅದನ್ನು ಕಲಿಯುವವರ ಅನುಭವ ಹೇಗಿರುತ್ತದೆ, ನಮ್ಮಂತಹ ಕುಟುಂಬಗಳಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಈ ಲೇಖನದಲ್ಲಿ ತಿಳಿಯಪಡಿಸಲು ಪ್ರಯತ್ನಿಸುತ್ತೇವೆ.

ವಾರಾನ್ನದ ಕಾಲ

ಓದಲು ಬಂದ ಮಗುವಿನ ಕ್ಷೇಮವನ್ನು ನೋಡಿಕೊಳ್ಳುವುದು ನಮಗೆ ಹೊಸ ವಿಚಾರವೇನೂ ಅಲ್ಲ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ವಾರಾನ್ನ ಮಾಡಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಶಾಲೆ ಕಾಲೇಜುಗಳನ್ನು ಮುಗಿಸಿದವರು ಮುಂದೆ ನ್ಯಾಯಾಧೀಶರೂ ಅಧ್ಯಾಪಕರೂ ಆದರು. ತೆಲುಗು ನಾಡಿನಲ್ಲಿಯೂ ಇದೇ ಪದ್ಧತಿಯಿದ್ದು, ಅಂತಹ ಹುಡುಗನನ್ನು ‘ವಾರಾಲಬ್ಬಾಯಿ’ ಎಂದು ಕರೆಯುತ್ತಿದ್ದರು. ತುಮಕೂರಿನ ಸಿದ್ಧಗಂಗೆಯಂತಹ ಮಠಗಳೂ, ಬೇರೆ ಬೇರೆ ಸಮುದಾಯಗಳು ಕಟ್ಟಿದ ಉಚಿತ ವಿದ್ಯಾರ್ಥಿ ನಿಲಯಗಳೂ ಇದೇ ಭಾವನೆಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂದವು.

ವಾರಾನ್ನದಲ್ಲಿ ಅವಮಾನವೂ ಇತ್ತು, ಜಾತಿಯ ಗೋಡೆಗಳೂ ಇದ್ದವು. ಅದನ್ನು ನಾವು ಮರೆಯಬಾರದು. ಆದರೂ ಅಲ್ಲಿ ಬಡಿಸುವ ತಾಯಿ ಹುಡುಗನ ಮುಖವನ್ನು ನೋಡುತ್ತಿದ್ದಳು. ‘ಯಾಕಪ್ಪ, ಇವತ್ತು ಅನ್ನ ಹಾಗೇ ಬಿಟ್ಟೆ?’ ಎಂದು ಕೇಳಲು ಆಕೆಗೆ ಯಾವ ಅಧಿಕಾರಪತ್ರವೂ ಬೇಕಾಗಿರಲಿಲ್ಲ. ಇಂದು ಐದುನೂರು ಮಕ್ಕಳು ಸಾಲಾಗಿ ನಿಂತು ತಟ್ಟೆ ಹಿಡಿಯುವ ಊಟದ ಮನೆಯಲ್ಲಿ ಆ ಪ್ರಶ್ನೆಯನ್ನು ಕೇಳುವವರು ಯಾರು? ವಿದ್ಯಾರ್ಥಿ ಕ್ಷೇಮಪಾಲನೆ ಎಂಬ ವೃತ್ತಿ ಹುಟ್ಟಿಕೊಂಡಿರುವುದೇ ಈ ಪ್ರಶ್ನೆಗೆ ಉತ್ತರವಾಗಿ.

ವಿಜಯವಾಡ, ವಾಲ್ತೇರು ಮತ್ತು ಮೈಸೂರು

ಈ ಎರಡು ಊರುಗಳಿಗೆ ಒಂದು ವಿಶ್ವವಿದ್ಯಾಲಯದ ಕಥೆಯಲ್ಲಿ ನಂಟಿದೆ. ಆಂಧ್ರ ವಿಶ್ವವಿದ್ಯಾಲಯವು 1926ರಲ್ಲಿ ಸ್ಥಾಪನೆಯಾದಾಗ ಅದರ ಕೇಂದ್ರ ಇದ್ದದ್ದು ಅಂದು ಬೆಜವಾಡ ಎಂದು ಕರೆಯುತ್ತಿದ್ದ ವಿಜಯವಾಡದಲ್ಲಿ. 1930ರಲ್ಲಿ ಅದು ವಿಶಾಖಪಟ್ಟಣದ ವಾಲ್ತೇರಿಗೆ ಬಂದು ನೆಲೆಸಿತು. ಮೊದಲ ಕುಲಪತಿಗಳಾದ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಅದಕ್ಕೆ ಮುಂಚೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದವರು.

ಅವರ ನಂತರ 1931ರಿಂದ 1936ರವರೆಗೆ ಕುಲಪತಿಗಳಾಗಿದ್ದ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರೂ ಮೈಸೂರನ್ನು ಬಲ್ಲವರೇ. 1918ರಲ್ಲಿ ಮಹಾರಾಜ ಕಾಲೇಜಿಗೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಅವರು 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣದವರೆಗೆ ಹೋದ ಪ್ರಸಂಗವನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ.

ಇದೇ ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಸ್ವತಂತ್ರ ಭಾರತದ ಮೊದಲ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1948-49ರಲ್ಲಿ ಕೆಲಸ ಮಾಡಿತು. ಅದರ ವರದಿಯಲ್ಲಿ ವಿದ್ಯಾರ್ಥಿಗಳ ಚಟುವಟಿಕೆ ಮತ್ತು ಕ್ಷೇಮಕ್ಕಾಗಿಯೇ ಒಂದು ಅಧ್ಯಾಯವಿದೆ. ವೈದ್ಯಕೀಯ ತಪಾಸಣೆ, ಊಟ, ವಸತಿ ಇವೆಲ್ಲವೂ ವಿಶ್ವವಿದ್ಯಾಲಯದ ಹೊಣೆಯೆಂದು ಅದು ಕಂಡಿತು. 1964-66ರ ಕೊಠಾರಿ ಆಯೋಗ ಇನ್ನೂ ಮುಂದೆ ಹೋಗಿ, ವಿದ್ಯಾರ್ಥಿ ಸೇವೆಗಳು ಶಿಕ್ಷಣದ ಅವಿಭಾಜ್ಯ ಅಂಗವೆಂದು ಹೇಳಿತು. ಸಾವಿರ ವಿದ್ಯಾರ್ಥಿಗಳಿಗೆ ಒಬ್ಬ ಸಮಾಲೋಚಕರಾದರೂ ಇರಬೇಕೆಂದು ಸಲಹೆ ಮಾಡಿತು.

ಸಲಹೆಗಳು ಕಾಗದದ ಮೇಲೆ ಚೆನ್ನಾಗಿದ್ದವು. ಕಾಲೇಜುಗಳಲ್ಲಿ ನಡೆದದ್ದು ಬೇರೆ. ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ ಎಂಬ ಹುದ್ದೆಯನ್ನು ಸಾಮಾನ್ಯವಾಗಿ ರಸಾಯನಶಾಸ್ತ್ರವನ್ನೋ ಇತಿಹಾಸವನ್ನೋ ಬೋಧಿಸುವ ಹಿರಿಯ ಅಧ್ಯಾಪಕರೊಬ್ಬರಿಗೆ ಹೆಚ್ಚುವರಿ ಹೊಣೆಯಾಗಿ ಒಪ್ಪಿಸಲಾಯಿತು. ಅವರಲ್ಲಿ ಕರುಣೆಯುಳ್ಳವರು ಬಹಳ ಮಂದಿ ಇದ್ದರು. ಆದರೆ ಕರುಣೆ ಇದ್ದ ಮಾತ್ರಕ್ಕೆ ಈ ಕೆಲಸ ಬರುತ್ತದೆಯೆಂದು ಭಾವಿಸಿದ್ದು ನಮ್ಮ ತಪ್ಪು. ಕರುಣೆಯುಳ್ಳವರೆಲ್ಲರೂ ಶಸ್ತ್ರಚಿಕಿತ್ಸೆ ಮಾಡಬಹುದೆಂದು ನಾವು ಎಂದೂ ಹೇಳುವುದಿಲ್ಲವಷ್ಟೆ.

ಅದು ವಿದ್ಯೆಯಾದ ಬಗೆ

ವಿದ್ಯಾರ್ಥಿ ಕ್ಷೇಮಪಾಲನೆಯನ್ನು ಪ್ರತ್ಯೇಕ ಸ್ನಾತಕೋತ್ತರ ಪದವಿಯಾಗಿ ಕಲಿಸುವ ಪದ್ಧತಿ ಬೆಳೆದದ್ದು ಅಮೆರಿಕದಲ್ಲಿ. 19ನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಕಾಲೇಜುಗಳು ವಿದ್ಯಾರ್ಥಿಗಳಿಗಾಗಿ ಡೀನ್‌ಗಳನ್ನು ನೇಮಿಸತೊಡಗಿದವು. 1919ರಲ್ಲಿ ಪುರುಷ ವಿದ್ಯಾರ್ಥಿಗಳ ಡೀನ್‌ಗಳು ಒಟ್ಟು ಸೇರಿ ಸಮ್ಮೇಳನ ನಡೆಸಿದರು. 1937ರಲ್ಲಿ ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಎಂಬ ಸಂಸ್ಥೆ ಪ್ರಕಟಿಸಿದ ಹೇಳಿಕೆಯೊಂದು ಈ ಕ್ಷೇತ್ರದ ಬುನಾದಿಯಾಯಿತು. ವಿದ್ಯಾರ್ಥಿಯೆಂದರೆ ಕೇವಲ ಬುದ್ಧಿಯಲ್ಲ, ಅವನ ದೇಹ, ಭಾವನೆ, ಹಣಕಾಸು, ಸಂಬಂಧ, ನಂಬಿಕೆ ಎಲ್ಲವೂ ಸೇರಿ ಒಬ್ಬ ಇಡೀ ಮನುಷ್ಯ. ಕಾಲೇಜು ಆ ಇಡೀ ಮನುಷ್ಯನನ್ನು ನೋಡಬೇಕು ಎಂಬುದೇ ಅದರ ಸಾರ.

ಅಲ್ಲಿ ಈ ಪದವಿಯನ್ನು ಓದುವವರು ಬೆಳಿಗ್ಗೆ ತರಗತಿಯಲ್ಲಿ ಕುಳಿತು, ಸಂಜೆ ಹಾಸ್ಟೆಲಿನಲ್ಲೋ, ಪ್ರವೇಶ ಕಚೇರಿಯಲ್ಲೋ, ಅಂಗವಿಕಲ ವಿದ್ಯಾರ್ಥಿಗಳ ಸಹಾಯ ಕೇಂದ್ರದಲ್ಲೋ ವಾರಕ್ಕೆ ಸುಮಾರು 20 ಗಂಟೆ ಕೆಲಸ ಮಾಡುತ್ತಾರೆ. ಅನೇಕ ಕಡೆ ಅದಕ್ಕೆ ಪ್ರತಿಯಾಗಿ ಶುಲ್ಕದಲ್ಲಿ ರಿಯಾಯಿತಿ ದೊರೆಯುತ್ತದೆ. ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದ ಹುಡುಗನನ್ನು ಸಂತೈಸಿ, ಬೆಳಿಗ್ಗೆ ಒಂಬತ್ತಕ್ಕೆ ಪ್ರಬಂಧ ಒಪ್ಪಿಸುವುದು ಅವರ ಬದುಕಿನ ಸಾಮಾನ್ಯ ಸಂಗತಿ.

ಅವರು ಓದುವ ಸಿದ್ಧಾಂತಗಳಲ್ಲಿ ಎರಡು ನಮ್ಮ ಮನೆಗಳಿಗೂ ಉಪಯುಕ್ತ. ಒಂದು, ನೆವಿಟ್ ಸ್ಯಾನ್‌ಫರ್ಡ್ ಎಂಬ ಮನಶ್ಶಾಸ್ತ್ರಜ್ಞರದು. ಸವಾಲು ಮತ್ತು ಆಸರೆ ಎರಡೂ ಸಮತೂಕದಲ್ಲಿದ್ದರೆ ಮಾತ್ರ ಯುವಕರು ಬೆಳೆಯುತ್ತಾರೆ. ಆಸರೆಯಿಲ್ಲದ ಸವಾಲು ಮುರಿಯುತ್ತದೆ, ಸವಾಲಿಲ್ಲದ ಆಸರೆ ಬೆಳೆಯಗೊಡುವುದಿಲ್ಲ. ಇನ್ನೊಂದು, ನ್ಯಾನ್ಸಿ ಶ್ಲಾಸ್‌ಬರ್ಗ್ ಅವರು 1989ರಲ್ಲಿ ವಿವರಿಸಿದ್ದು. ‘ಇಲ್ಲಿ ನಾನೂ ಲೆಕ್ಕಕ್ಕೆ ಇದ್ದೇನೆ, ನಾನು ಬರದಿದ್ದರೆ ಯಾರಾದರೂ ಕೇಳುತ್ತಾರೆ’ ಎಂಬ ನಂಬಿಕೆ ಇದ್ದ ವಿದ್ಯಾರ್ಥಿ ಕಷ್ಟವನ್ನು ದಾಟುತ್ತಾನೆ. ಅಂಚಿನಲ್ಲಿದ್ದೇನೆ ಎಂದುಕೊಂಡವನು ಕುಸಿಯುತ್ತಾನೆ. ವಾರಾನ್ನದ ಮನೆಯ ತಾಯಿಗೆ ಈ ಸಿದ್ಧಾಂತದ ಹೆಸರು ತಿಳಿದಿರಲಿಲ್ಲ, ಸಾರ ತಿಳಿದಿತ್ತು.

ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ಹೋಗಬಯಸುವವರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ. ಒಂದು, ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಸ್.ಡಬ್ಲ್ಯೂ. ಮತ್ತೊಂದು, ಮನಶ್ಶಾಸ್ತ್ರ ಅಥವಾ ಆಪ್ತ ಸಮಾಲೋಚನೆಯ ಎಂ.ಎ. ಅಥವಾ ಎಂ.ಎಸ್ಸಿ. ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಮತ್ತು ಮನಶ್ಶಾಸ್ತ್ರ ಎರಡನ್ನೂ ಬೋಧಿಸುತ್ತಾರೆ. ನಮ್ಮ ಕರ್ನಾಟಕದಲ್ಲಿ ಮಂಗಳೂರಿನ ರೋಶನಿ ನಿಲಯ 1960ರಿಂದಲೂ ಸಮಾಜಕಾರ್ಯಕ್ಕೆ ಹೆಸರಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಉನ್ನತ ತರಬೇತಿ ನೀಡುತ್ತದೆ. ‘ಆಪ್ತ ಸಮಾಲೋಚನೆ’ ಎಂಬ ಮಾತು ಕನ್ನಡದ ಮನೆಮನೆಗಳಿಗೆ ಪರಿಚಯವಾಗುವುದರಲ್ಲಿ ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರ ಕನ್ನಡ ಪುಸ್ತಕಗಳ ಪಾತ್ರ ದೊಡ್ಡದು.

ಸಲಹೆ ನೀಡುವುದನ್ನು ಮರೆಯುವ ಪಾಠ

ಈ ಓದಿನ ಒಳಗಿನ ಅನುಭವ ಹೇಗಿರುತ್ತದೆ? ಧಾರವಾಡದ ಕಡೆಯ, ನಮಗೆ ಪರಿಚಯವಿರುವ ಕುಟುಂಬವೊಂದರ ಮಗಳು ವಿಶಾಖಪಟ್ಟಣದಲ್ಲಿ ಸಮಾಜಕಾರ್ಯವನ್ನು ಓದಿದಳು. ಹೊರಡುವ ದಿನ ತಂದೆ, ‘ಅಷ್ಟು ದೂರ ಹೋಗಿ ಇದನ್ನ ಓದಿ ಮುಂದ ಏನ್ ಮಾಡ್ತೀಯವ್ವ?’ ಎಂದು ಕೇಳಿದ್ದರಂತೆ. ಅವಳ ಬಳಿಯೂ ಆಗ ಸರಿಯಾದ ಉತ್ತರವಿರಲಿಲ್ಲ.

ಸಮಾಜಕಾರ್ಯದ ಪದವಿಯಲ್ಲಿ ತರಗತಿಯಷ್ಟೇ ಮಹತ್ವ ಕ್ಷೇತ್ರಕಾರ್ಯಕ್ಕಿರುತ್ತದೆ. ಸಾಮಾನ್ಯವಾಗಿ ವಾರದಲ್ಲಿ ಎರಡು ದಿನ ವಿದ್ಯಾರ್ಥಿಗಳು ಆಸ್ಪತ್ರೆ, ಶಾಲೆ, ಬಾಲಮಂದಿರ, ವಿದ್ಯಾರ್ಥಿ ನಿಲಯ ಮೊದಲಾದ ಕಡೆ ಹೋಗಿ ಕೆಲಸ ಮಾಡಬೇಕು. ಹಿಂತಿರುಗಿ ಬಂದ ಮೇಲೆ ನಡೆದ ಮಾತುಕತೆಯನ್ನು ನೆನಪಿನಿಂದ ವಿವರವಾಗಿ ಬರೆಯಬೇಕು. ಅವರು ಏನೆಂದರು, ತಾನು ಏನೆಂದೆ, ಆಗ ತನ್ನ ಮನಸ್ಸಿನಲ್ಲಿ ಏನಾಯಿತು ಎಲ್ಲವೂ ಆ ವರದಿಯಲ್ಲಿರಬೇಕು. ವಾರಕ್ಕೊಮ್ಮೆ ಮೇಲ್ವಿಚಾರಕ ಅಧ್ಯಾಪಕರು ಆ ವರದಿಯನ್ನು ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಚರ್ಚಿಸುತ್ತಾರೆ. ಕೊನೆಯಲ್ಲಿ ಸುಮಾರು ಒಂದು ತಿಂಗಳು ಒಂದೇ ಸಂಸ್ಥೆಯಲ್ಲಿ ಪೂರ್ಣಾವಧಿ ಕೆಲಸವಿರುತ್ತದೆ.

ಆ ಹುಡುಗಿಗೆ ಸಿಕ್ಕಿದ್ದು ಕಾಲೇಜೊಂದರ ಹಾಸ್ಟೆಲು. ಮೊದಲ ವಾರ ಮನೆಯ ನೆನಪಿನಿಂದ ಬಳಲುತ್ತಿದ್ದ ಹುಡುಗಿಯೊಬ್ಬಳ ಜೊತೆ ಅರ್ಧ ಗಂಟೆ ಮಾತನಾಡಿ, ಹೆಮ್ಮೆಯಿಂದ ನಾಲ್ಕು ಪುಟದ ವರದಿ ಬರೆದಳು. ಅಧ್ಯಾಪಕರು ಅದನ್ನು ಓದಿ, ಕೆಂಪು ಶಾಯಿಯಲ್ಲಿ ಹನ್ನೊಂದು ಕಡೆ ಗೆರೆ ಎಳೆದು, ‘ಇವು ನೀನು ಸಲಹೆ ಕೊಟ್ಟ ಜಾಗಗಳು. ನೀನು ಪ್ರಶ್ನೆ ಕೇಳಿದ ಜಾಗವನ್ನು ನೀನೇ ಗುರುತು ಮಾಡು’ ಎಂದರು. ಹುಡುಕಿದರೆ ಒಂದೂ ಇರಲಿಲ್ಲ. ಆ ಸಂಜೆ ತಾನು ಕಡಲದಂಡೆಯಲ್ಲಿ ಕುಳಿತು ಅತ್ತೆನೆಂದು ಆಕೆ ನಮಗೆ ನಗುತ್ತಲೇ ಹೇಳಿದಳು. ‘ನಾವು ಬೆಳೆದದ್ದೇ ಹಾಗ ಅಲ್ಲೇನ್ರೀ? ಯಾರರ ಅತ್ತರ ಅಳಬ್ಯಾಡ ಅಂತೀವಿ, ಧೈರ್ಯ ತಗೋ ಅಂತೀವಿ. ಯಾಕ ಅಳಾಕತ್ತಿ ಅಂತ ಕೇಳೂದು ಎರಡು ವರ್ಷ ಕಲೀಬೇಕಾತು ನೋಡ್ರಿ.’

ಈ ಮಾತಿನಲ್ಲಿ ಆ ವಿದ್ಯೆಯ ಮೊದಲ ಪಾಠವೂ ಕಠಿಣ ಪಾಠವೂ ಅಡಗಿವೆ. ನಮ್ಮ ಸಂಸ್ಕೃತಿಯಲ್ಲಿ ಹಿರಿಯರೆಂದರೆ ಬುದ್ಧಿ ಹೇಳುವವರು. ಆದರೆ ಬಳಲಿದ ಮಗುವಿಗೆ ಬುದ್ಧಿವಾದವು ಇನ್ನೊಂದು ಪರೀಕ್ಷೆಯಂತೆ ಕೇಳಿಸುತ್ತದೆ. ಕೇಳಿಸಿಕೊಳ್ಳುವುದು, ಮೌನವನ್ನು ತಡೆದುಕೊಳ್ಳುವುದು, ಮಗುವೇ ತನ್ನ ಮಾತನ್ನು ಕಂಡುಕೊಳ್ಳಲು ಸಮಯ ಕೊಡುವುದು ಇವೆಲ್ಲ ಅಭ್ಯಾಸದಿಂದ ಮಾತ್ರ ಬರುತ್ತವೆ.

ಎರಡನೆಯ ಪಾಠ ಭಾಷೆಯದು. ಕನ್ನಡ ಮತ್ತು ತೆಲುಗು ಲಿಪಿಗಳು ಅಕ್ಕತಂಗಿಯರಂತಿರುವುದರಿಂದ ಅವಳು ಹಾಸ್ಟೆಲಿನ ಫಲಕಗಳನ್ನು ಮೊದಲ ದಿನವೇ ಹೆಚ್ಚುಕಡಿಮೆ ಓದಿದಳು. ಆದರೆ ‘ಏಮೀ ಲೇದು ಅಕ್ಕಾ’ ಎಂದು ಮಕ್ಕಳು ಹೇಳುವ ಮಾತಿನ ಅರ್ಥ ತಿಳಿಯಲು ತಿಂಗಳುಗಳು ಬೇಕಾದವು. ನಮ್ಮ ‘ಏನೂ ಇಲ್ಲಕ್ಕ’ ಇದ್ದಂತೆಯೇ ಅದು. ಒಮ್ಮೆ ನಿಜವಾಗಿಯೂ ಏನೂ ಇರುವುದಿಲ್ಲ. ಮತ್ತೊಮ್ಮೆ ಹೇಳಲಾಗದಷ್ಟು ಇರುತ್ತದೆ.

ಮೂರನೆಯ ಪಾಠ ಅವಳಿಗೆ ದೊರೆತದ್ದು ವಿಜಯವಾಡದಲ್ಲಿ, ಒಂದು ವಸತಿ ಕಾಲೇಜಿನಲ್ಲಿ ಕಳೆದ ಆ ಕೊನೆಯ ತಿಂಗಳಿನಲ್ಲಿ. ವಿಶಾಖಪಟ್ಟಣದ ಹಾಸ್ಟೆಲಿನಲ್ಲಿದ್ದವರು ಪದವಿ ಓದುವ ಯುವಜನರು. ಇಲ್ಲಿದ್ದವರು ಹದಿನಾರು ಹದಿನೇಳರ ಮಕ್ಕಳು. ವೈದ್ಯಕೀಯ, ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗಳ ತಯಾರಿಗೆ ವಿಜಯವಾಡ ದಶಕಗಳಿಂದ ಹೆಸರಾದ ಊರು. ಅಲ್ಲಿ ಮಕ್ಕಳ ದಿನ ನಸುಕಿನಲ್ಲಿ ಆರಂಭವಾಗಿ ರಾತ್ರಿ ಓದಿನ ಗಂಟೆಯೊಂದಿಗೆ ಮುಗಿಯುತ್ತಿತ್ತು. ಮಾತನಾಡಲು ಅವರಿಗೆ ಬಿಡುವೇ ಇರಲಿಲ್ಲ. ಅವಳು ತನ್ನ ಕುರ್ಚಿಯನ್ನು ಕಚೇರಿಯಿಂದ ಎತ್ತಿ ಊಟದ ಮನೆಯ ಬಾಗಿಲಿಗೆ ಒಯ್ದಳು. ಅಲ್ಲಿ ಬಡಿಸುತ್ತಿದ್ದ ಹೆಂಗಸು ಮೂರನೆಯ ದಿನ ಮೆಲ್ಲನೆ, ‘ಆ ಮೂಲೆಯ ಹುಡುಗ ನಾಲ್ಕು ದಿನದಿಂದ ಮೊಸರನ್ನ ಮಾತ್ರ ಹಾಕಿಸಿಕೊಳ್ಳುತ್ತಿದ್ದಾನೆ, ಅದನ್ನೂ ಬಿಟ್ಟು ಏಳುತ್ತಾನೆ’ ಎಂದು ತಿಳಿಸಿದಳು. ಆ ಹುಡುಗನಿಗೆ ನಿಜಕ್ಕೂ ಸಹಾಯ ಬೇಕಾಗಿತ್ತು. ಸಕಾಲದಲ್ಲಿ ಮನೆಯವರನ್ನು ಕರೆಸಲಾಯಿತು, ವೈದ್ಯರಿಗೆ ತೋರಿಸಲಾಯಿತು, ಅವನು ಚೇತರಿಸಿಕೊಂಡನು.

ಕಂಡವಳು ಬಡಿಸುವಾಕೆ. ಆದರೆ ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ, ಯಾರಿಗೆ ಹೇಳಬೇಕೆಂದು ಅವಳಿಗೂ ತಿಳಿದಿರಲಿಲ್ಲ. ಕಲಿತವರ ಕೆಲಸವೆಂದರೆ ಎಲ್ಲವನ್ನೂ ತಾವೇ ಕಾಣುವುದಲ್ಲ, ಕಂಡವರು ಹೇಳಲು ಒಂದು ದಾರಿ ಮಾಡುವುದು ಎಂಬುದನ್ನು ತಾನು ಆ ಊಟದ ಮನೆಯಲ್ಲಿ ಕಲಿತೆನೆಂದು ಆಕೆ ಹೇಳುತ್ತಾಳೆ.

ಕಲಿಯುವವರ ಮೇಲಿನ ಭಾರ

ಈ ಓದಿನಲ್ಲಿ ಹೊರಗೆ ಕಾಣದ ಭಾರವೂ ಇದೆ. ಇಪ್ಪತ್ತೆರಡು ವರ್ಷದವರು ಹದಿನೇಳು ವರ್ಷದವರ ದುಃಖವನ್ನು ಕೇಳಬೇಕು. ಕೇಳಿದ್ದನ್ನು ಗೆಳತಿಯರೊಡನೆಯೂ ಹೇಳುವಂತಿಲ್ಲ. ಗೌಪ್ಯತೆ ಈ ವೃತ್ತಿಯ ಮೊದಲ ನಿಯಮ. ಆದರೆ ಪ್ರಾಣಕ್ಕೆ ಅಪಾಯವಿದೆಯೆಂದು ಕಂಡರೆ ಮಾತ್ರ ಅದನ್ನು ಮೀರಲೇಬೇಕು. ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಪುಸ್ತಕ ಪೂರ್ತಿಯಾಗಿ ಹೇಳಿಕೊಡಲಾರದು. ಆದುದರಿಂದಲೇ ಮೇಲ್ವಿಚಾರಣೆ ಇಲ್ಲದ ಕ್ಷೇತ್ರಕಾರ್ಯವು ಕಲಿಯುವವರಿಗೂ ಅಪಾಯ, ಅವರೆದುರು ಕುಳಿತ ಮಗುವಿಗೂ ಅಪಾಯ.

ವಿದೇಶಗಳಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ಇದಕ್ಕೆ ಸಂಬಂಧಿಸಿದ ಒಂದು ವಿಷಯವನ್ನು ಇಲ್ಲಿ ತಿಳಿಸುವುದು ಉಚಿತ. ಅಮೆರಿಕದಲ್ಲಿ 1974ರ ಕಾನೂನಿನ ಪ್ರಕಾರ, ಕಾಲೇಜು ಸೇರಿದ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಅವರ ಒಪ್ಪಿಗೆಯಿಲ್ಲದೆ ಅಂಕಗಳನ್ನು ತಂದೆತಾಯಿಯರಿಗೂ ತಿಳಿಸಲು ಕಾಲೇಜುಗಳು ಸಾಮಾನ್ಯವಾಗಿ ನಿರಾಕರಿಸುತ್ತವೆ. ಆರೋಗ್ಯ ಅಥವಾ ಸುರಕ್ಷತೆಯ ತುರ್ತು ಸಂದರ್ಭದಂತಹ ಕೆಲವು ವಿನಾಯಿತಿಗಳಿವೆ. ಕನ್ನಡ ಮನೆಗಳಿಗೆ ಇದು ಕಠೋರವಾಗಿ ಕಾಣಬಹುದು. ಆದರೆ ತನ್ನ ಮಾತು ತಾನಿಲ್ಲದೆ ಹೊರಗೆ ಹೋಗುವುದಿಲ್ಲವೆಂಬ ನಂಬಿಕೆಯಿದ್ದರೆ ಮಾತ್ರ ಮಗು ಬಾಯಿ ಬಿಡುತ್ತದೆ ಎಂಬುದೂ ನಿಜವೇ.

ಓದು ಮುಗಿದ ಮೇಲೆ ಇನ್ನೊಂದು ಕಷ್ಟ ಕಾದಿರುತ್ತದೆ. ಅನೇಕ ಸಂಸ್ಥೆಗಳಲ್ಲಿ ಸಮಾಲೋಚಕರ ಹುದ್ದೆ ತಾತ್ಕಾಲಿಕ, ವೇತನ ಅಲ್ಪ. ಪ್ರವೇಶದ ಕಾಲದಲ್ಲಿ ಅರ್ಜಿ ಪರಿಶೀಲನೆಯನ್ನೂ, ಪರೀಕ್ಷೆಯ ಕಾಲದಲ್ಲಿ ಮೇಲ್ವಿಚಾರಣೆಯನ್ನೂ ಅವರಿಗೇ ವಹಿಸುವುದುಂಟು. ನಕಲು ಮಾಡಿ ಸಿಕ್ಕಿಬಿದ್ದವನನ್ನು ಬೆಳಿಗ್ಗೆ ಹಿಡಿದುಕೊಟ್ಟವರ ಬಳಿಗೆ ಆತ ಸಂಜೆ ಮನಸ್ಸು ಬಿಚ್ಚಿಕೊಳ್ಳಲು ಹೇಗೆ ಬಂದಾನು?

ವಿಶಾಖಪಟ್ಟಣದಿಂದ ದೆಹಲಿಗೆ ಹೋದ ಪ್ರಕರಣ

2023ರ ಜುಲೈನಲ್ಲಿ, ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಿದ್ಧಳಾಗುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ಅಸ್ವಾಭಾವಿಕವಾಗಿ ಮೃತಪಟ್ಟಳು. ಪಶ್ಚಿಮ ಬಂಗಾಳದಿಂದ ಬಂದು ಹಾಸ್ಟೆಲಿನಲ್ಲಿದ್ದ ಮಗು ಅದು. ತನಿಖೆಯಿಂದ ತೃಪ್ತರಾಗದ ತಂದೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠ ತನಿಖೆಯನ್ನು ಕೇಂದ್ರೀಯ ತನಿಖಾ ದಳಕ್ಕೆ ಒಪ್ಪಿಸಿತು. ಮಾನಸಿಕ ಆರೋಗ್ಯವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ, ಇಡೀ ದೇಶಕ್ಕೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ಸೂಕ್ತ ಕಾನೂನು ಬರುವವರೆಗೆ ಇವು ಬದ್ಧವಾಗಿರುತ್ತವೆ.

ಅವುಗಳಲ್ಲಿ ನಮಗೆ ಮುಖ್ಯವಾದವು ಇವು. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಮಕ್ಕಳ ಮತ್ತು ಹದಿಹರೆಯದವರ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜಕಾರ್ಯಕರ್ತರನ್ನಾದರೂ ನೇಮಿಸಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸುವುದನ್ನೂ, ಎಲ್ಲರೆದುರು ಅವಮಾನಿಸುವುದನ್ನೂ ಕೋಚಿಂಗ್ ಸಂಸ್ಥೆಗಳು ಕೈಬಿಡಬೇಕು. ಬೋಧಕರಿಗೂ ಇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕು. ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲುಗಳಲ್ಲಿ ಎದ್ದು ಕಾಣುವಂತೆ ಹಾಕಬೇಕು. ಪಾಲಕರಿಗೂ ತಿಳುವಳಿಕೆ ನೀಡುವ ಕಾರ್ಯಕ್ರಮಗಳನ್ನು ನಡೆಸಬೇಕು.

ಹಾಸ್ಟೆಲಿನ ವಾರ್ಡನ್ನರ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು 2009ರ ರ‍್ಯಾಗಿಂಗ್ ತಡೆ ನಿಯಮಗಳಲ್ಲಿಯೇ ಸ್ಪಷ್ಟವಾಗಿ ಹೇಳಿತ್ತು. ಪ್ರತಿಯೊಂದು ಹಾಸ್ಟೆಲಿಗೂ ಪೂರ್ಣಾವಧಿ ವಾರ್ಡನ್ ಇರಬೇಕು. ಅವರಿಗೆ ಶಿಸ್ತು ಕಾಯುವ ಶಕ್ತಿಯ ಜೊತೆಗೆ ಯುವಜನರೊಡನೆ ಮಾತನಾಡುವ, ಸಮಾಲೋಚಿಸುವ ಕೌಶಲವೂ ಇರಬೇಕು. ಅವರ ವಾಸ ಹಾಸ್ಟೆಲಿನಲ್ಲೇ ಅಥವಾ ಅದರ ಸಮೀಪದಲ್ಲೇ ಇರಬೇಕು. ಹಾಗಿದ್ದರೂ ಹಾಸ್ಟೆಲು ಆರಿಸುವಾಗ ವಾರ್ಡನ್ ಯಾರು, ಏನು ಓದಿದ್ದಾರೆ ಎಂದು ವಿಚಾರಿಸುವ ಪಾಲಕರು ನಮ್ಮಲ್ಲಿ ಎಷ್ಟು ಮಂದಿ?

ನೂರು ವಿದ್ಯಾರ್ಥಿಗಳಿದ್ದರೂ ಒಬ್ಬರು, ಮೂರು ಸಾವಿರವಿದ್ದರೂ ಒಬ್ಬರು ಎಂದಾದರೆ ಈ ನಿಯಮ ಹೆಸರಿಗಷ್ಟೇ ಉಳಿಯುತ್ತದೆ. ಆದುದರಿಂದಲೇ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕ ಪ್ರಮಾಣದಲ್ಲಿ ಸಮಾಲೋಚಕರಿರಬೇಕೆಂದೂ ನ್ಯಾಯಾಲಯ ಹೇಳಿದೆ. ಆದರೆ ಅಷ್ಟು ಮಂದಿ ತರಬೇತಾದವರು ಎಲ್ಲಿಂದ ಬರಬೇಕು? ನಮ್ಮ ಮಕ್ಕಳಲ್ಲಿಯೇ ಕೆಲವರು ಈ ವಿದ್ಯೆಯನ್ನು ಕಲಿಯಬೇಕು. ಕಲಿಯುತ್ತೇನೆಂದು ಮುಂದೆ ಬಂದ ಮಗಳನ್ನು ‘ಇದನ್ನು ಓದಿ ಏನು ಮಾಡುತ್ತೀಯೆ?’ ಎಂದು ಹಿಂದಕ್ಕೆ ಎಳೆಯುವ ನಾವೇ, ಮತ್ತೊಂದು ಮಗುವಿಗೆ ಆಪತ್ತು ಬಂದಾಗ ‘ಅಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲವೇ?’ ಎಂದು ಕೇಳುತ್ತೇವೆ.

ಪಾಲಕರು ಕೇಳಬೇಕಾದದ್ದು

ಮುಂದಿನ ಬಾರಿ ಮಗುವನ್ನು ಹಾಸ್ಟೆಲಿಗೆ ಬಿಡಲು ಹೋದಾಗ ಕೆಲವು ಪ್ರಶ್ನೆಗಳನ್ನು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳಬೇಕೆಂದು ನಮ್ಮ ವಿನಂತಿ.

ಇಲ್ಲಿ ಸಮಾಲೋಚಕರಿದ್ದಾರೆಯೇ, ಅವರ ವಿದ್ಯಾರ್ಹತೆ ಏನು? ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ಸಮಾಜಕಾರ್ಯದ ಪದವೀಧರರಾದರೆ ಎಲ್ಲಿ ಓದಿದರು, ಎಲ್ಲಿ ಕ್ಷೇತ್ರಕಾರ್ಯ ಮಾಡಿದರು ಎಂದು ಕೇಳಬಹುದು.

ಅವರು ಇಲ್ಲಿ ಎಷ್ಟು ಕಾಲದಿಂದ ಇದ್ದಾರೆ? ವರ್ಷಕ್ಕೊಬ್ಬರು ಬದಲಾಗುವ ಕಡೆ ಮಕ್ಕಳಿಗೆ ನಂಬಿಕೆ ಹುಟ್ಟುವುದು ಕಷ್ಟ.

ಮಕ್ಕಳು ಅವರನ್ನು ಯಾವಾಗ, ಎಲ್ಲಿ ಕಾಣಬಹುದು? ಪ್ರಾಂಶುಪಾಲರ ಕೊಠಡಿಯ ಎದುರಿನಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತರೆ ಯಾರೂ ಬರುವುದಿಲ್ಲ.

ಅಡುಗೆಯವರು, ಕಾವಲುಗಾರರು, ಕಸ ಗುಡಿಸುವವರು ಏನಾದರೂ ಕಂಡರೆ ಯಾರಿಗೆ ತಿಳಿಸುತ್ತಾರೆ? ಈ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಆ ಸಂಸ್ಥೆಯಲ್ಲಿ ಒಂದು ವ್ಯವಸ್ಥೆಯಿದೆಯೆಂದು ತಿಳಿಯಬಹುದು.

ಕೊನೆಯ ಪ್ರಶ್ನೆ ನಮಗೆ ನಾವೇ ಕೇಳಿಕೊಳ್ಳಬೇಕಾದದ್ದು. ವಾರಕ್ಕೊಮ್ಮೆ ಬರುವ ಫೋನಿನಲ್ಲಿ ನಾವು ಮೊದಲು ಕೇಳುವುದು ಅಂಕಗಳನ್ನೋ, ಊಟವನ್ನೋ?

ಯಾವ ಹೊತ್ತಿನಲ್ಲಿಯಾದರೂ ಸಹಾಯ ಬೇಕಾದವರು 14416 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಎಂಬ ರಾಷ್ಟ್ರೀಯ ಸೇವೆ. ನಮ್ಮ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆಯಾಗಿರುವುದು ನಮಗೆ ಹೆಮ್ಮೆಯ ವಿಷಯ. ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಅಲ್ಲಿ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿಯೂ ನಮ್ಮ ಫೋನಿನಲ್ಲಿಯೂ ಇಂದೇ ಬರೆದಿಟ್ಟುಕೊಳ್ಳೋಣ.

ಧಾರವಾಡದ ಆ ಹುಡುಗಿ ಈಗ ಬೆಂಗಳೂರಿನ ಕಾಲೇಜೊಂದರಲ್ಲಿ ಆಪ್ತ ಸಮಾಲೋಚಕಿ. ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ ಮಗಳನ್ನು ನೋಡಲು ಬಂದ ತಂದೆ ಅವಳ ಕೊಠಡಿಯ ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕಾದರು. ಒಳಗೆ ಯಾರೋ ಒಬ್ಬ ವಿದ್ಯಾರ್ಥಿಯಿದ್ದ. ಆತ ಕಣ್ಣೊರೆಸಿಕೊಂಡು ಹೊರಗೆ ಬಂದು ಹೋದ ಮೇಲೆ ತಂದೆ ಒಳಗೆ ಹೋಗಿ, ಏನಾಯಿತೆಂದು ಮಗಳನ್ನು ಕೇಳಲಿಲ್ಲ. ‘ಆ ಹುಡುಗ ಊಟ ಮಾಡ್ಯಾನೇನವ್ವ?’ ಎಂದಷ್ಟೇ ಕೇಳಿದರಂತೆ. ಮಗಳು ಏನು ಓದಿದಳೆಂಬುದು ಅವರಿಗೆ ಅಂದು ಪೂರ್ತಿಯಾಗಿ ಅರ್ಥವಾಗಿತ್ತು.

ದೂರದ ಊರುಗಳಲ್ಲಿ ಓದುತ್ತಿರುವ ನಮ್ಮೆಲ್ಲ ಮಕ್ಕಳೂ ಕ್ಷೇಮವಾಗಿರಲಿ, ಅವರ ಮುಖ ನೋಡುವವರು ಅಲ್ಲಿಯೂ ಇರಲಿ ಎಂದು ಹಾರೈಸುತ್ತೇವೆ.